ಪಟ್ಟಿಯಲ್ಲಿ ಖಾಲಿ ಉಳಿದ ನಾಲ್ಕು ಸಾಲು



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಪ್ರಾಂಶುಪಾಲರ ಕೊಠಡಿಯ ಹೊರಗೆ ಮರದ ಹಲಗೆಯೊಂದನ್ನು ನೀವು ಕಂಡಿರಬಹುದು. ಅದರ ಎಡಕ್ಕೆ ಇಸವಿ, ಬಲಕ್ಕೆ ಆ ವರ್ಷ ಷೀಲ್ಡು ಗೆದ್ದವರ ಹೆಸರು. ದಿನವೂ ಅದರ ಮುಂದೆಯೇ ಓಡಾಡುತ್ತೀರಿ. ನಿಂತು ಓದುವವರು ಕಡಿಮೆ. ನಿಂತವರೂ ಹುಡುಕುವುದು ತಮಗೆ ಗೊತ್ತಿರುವ ಹೆಸರನ್ನು.

ಇಂದು ಅಂಥದೇ ಒಂದು ಪಟ್ಟಿಯನ್ನು ನಿಮ್ಮ ಮುಂದಿಡುತ್ತೇನೆ. ಇದು ದೂರದ ಮಾಲ್ಟಾ ದೇಶದ ಫುಟ್‌ಬಾಲ್ ಪಂದ್ಯಾವಳಿಯೊಂದರ ಪಟ್ಟಿ. ಇದರಲ್ಲಿ ನಾವು ಹುಡುಕಬೇಕಾದದ್ದು ಹೆಸರುಗಳನ್ನಲ್ಲ, ಹೆಸರೇ ಇಲ್ಲದ ಸಾಲುಗಳನ್ನು. ಇತಿಹಾಸವೆಂದರೆ ರಾಜರ ಕಥೆ, ಯುದ್ಧಗಳ ಇಸವಿ ಎಂದು ತಿಳಿದು ಪುಟ ಮಡಚಿಡುವ ಹುಡುಗರಲ್ಲಿ ನಾನೂ ಒಬ್ಬನಾಗಿದ್ದೆ. ವಿಜ್ಞಾನ ಓದಿ ಬಂದವನು. ಆದರೆ ಅಂಕಿಗಳ ಪಟ್ಟಿಯೊಂದನ್ನು ಓದುವುದು ಹೇಗೆಂದು ಪ್ರಯೋಗಾಲಯ ನನಗೆ ಕಲಿಸಿತ್ತು. ಆ ಪಾಠ ಇತಿಹಾಸಕ್ಕೂ ಒದಗುತ್ತದೆಂದು ತಿಳಿದದ್ದು ಬಹಳ ತಡವಾಗಿ.

ದ್ವೀಪ ಮತ್ತು ಚೆಂಡು

ಮೊದಲು ಭೂಪಟವನ್ನು ತೆರೆಯಿರಿ. ಇಟಲಿ ದೇಶ ಬೂಟಿನ ಆಕಾರದಲ್ಲಿದೆಯೆಂದು ನೀವು ಓದಿದ್ದೀರಿ. ಆ ಬೂಟಿನ ತುದಿಗೆ ಚೆಂಡಿನಂತೆ ತಾಗಿಕೊಂಡಿರುವುದು ಸಿಸಿಲಿ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ, ಪೆನ್ಸಿಲಿನ ಮೊನೆ ತಾಗಿದಂತೆ ಕಾಣುವ ಚುಕ್ಕೆಗಳೇ ಮಾಲ್ಟಾ. ಎಲ್ಲ ದ್ವೀಪಗಳೂ ಸೇರಿ 316 ಚದರ ಕಿಲೋಮೀಟರು. ನಮ್ಮ ಎಷ್ಟೋ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ನಾವು ಮಾತಾಡುತ್ತಿರುವ 1930ರ ದಶಕದಲ್ಲಿ ಅಲ್ಲಿದ್ದ ಜನ ಸುಮಾರು ಎರಡೂವರೆ ಲಕ್ಷ.

ಇಷ್ಟು ಚಿಕ್ಕ ನೆಲ ಇಷ್ಟು ದೊಡ್ಡವರ ಕಣ್ಣಿಗೆ ಬಿದ್ದದ್ದು ಅದರ ಬಂದರಿನಿಂದ. ರಾಜಧಾನಿ ವ್ಯಾಲೆಟ್ಟಾದ ಮಗ್ಗುಲಿಗಿರುವ ಆಳವಾದ ಬಂದರಿನಲ್ಲಿ ಇಡೀ ನೌಕಾಪಡೆಯೇ ಲಂಗರು ಹಾಕಬಹುದು. 1800ರಲ್ಲಿ ಬ್ರಿಟಿಷರು ಅಲ್ಲಿ ಕಾಲಿಟ್ಟರು, 1964ರವರೆಗೆ ಆಳಿದರು. ಅವರ ಸೈನಿಕರು, ನಾವಿಕರು, ಹಡಗುಕಟ್ಟೆಯ ಕೆಲಸಗಾರರು ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದರು. ನೋಡುತ್ತ ನಿಂತ ಊರಿನ ಹುಡುಗರು ಕಲಿತರು. ನಮ್ಮ ಕಂಟೋನ್ಮೆಂಟುಗಳಲ್ಲೂ ಆದದ್ದು ಹೀಗೆಯೇ.

ಹಡಗುಕಟ್ಟೆಯ ಪಕ್ಕದ ಕೊಸ್ಪಿಕುವಾ ಎಂಬ ಊರಿನಲ್ಲಿ 1890ರಲ್ಲಿ ಸೇಂಟ್ ಜಾರ್ಜ್ಸ್ ಕ್ಲಬ್ ಹುಟ್ಟಿತು. ವ್ಯಾಲೆಟ್ಟಾದ ಕೋಟೆಬಾಗಿಲಿನ ಹೊರಗಿರುವ ಫ್ಲೋರಿಯಾನಾ ಊರಿನಲ್ಲಿ 1894ರಲ್ಲಿ ಇನ್ನೊಂದು. ಫ್ಲೋರಿಯಾನಾದವರು ಇಂದಿಗೂ ತೊಡುವುದು ಹಸಿರು-ಬಿಳಿ ಪಟ್ಟೆಯ ಅಂಗಿ. ಅಲ್ಲಿ ಬೀಡುಬಿಟ್ಟಿದ್ದ ಐರಿಷ್ ಪಡೆಯಾದ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ತಂಡದೊಡನೆ ಆಡಿ, ಪರಸ್ಪರ ಅಂಗಿ ಬದಲಾಯಿಸಿಕೊಂಡಾಗ ಬಂದ ಬಣ್ಣ ಅದೆಂದು ಅಲ್ಲಿನವರು ಹೇಳುತ್ತಾರೆ. 1900ರಲ್ಲಿ ಮಾಲ್ಟಾ ಫುಟ್‌ಬಾಲ್ ಸಂಸ್ಥೆ ಸ್ಥಾಪನೆಯಾಯಿತು. 1909–10ರಲ್ಲಿ ಲೀಗ್ ಪಂದ್ಯಾವಳಿ ಆರಂಭವಾಗಿ, ಮೊದಲ ಚಾಂಪಿಯನ್ ಪಟ್ಟ ಫ್ಲೋರಿಯಾನಾಕ್ಕೆ ಸಂದಿತು. ಅದೇ 1909ರಲ್ಲಿ ಕಡಲ ದಂಡೆಯ ಸ್ಲೀಮಾ ಊರಿನಲ್ಲಿ ಸ್ಲೀಮಾ ವಾಂಡರರ್ಸ್ ಹುಟ್ಟಿತು. ಮುಂದಿನ ಕಥೆಯಲ್ಲಿ ಈ ಎರಡು ಹೆಸರುಗಳು, ಫ್ಲೋರಿಯಾನಾ ಮತ್ತು ಸ್ಲೀಮಾ, ಮತ್ತೆ ಮತ್ತೆ ಬರುತ್ತವೆ, ನೆನಪಿಟ್ಟುಕೊಳ್ಳಿ.

ಮೊದಲ ಸಾಲು: 1934–35

ಲೀಗ್ ಬೇರೆ, ಕಪ್ ಬೇರೆ. ಲೀಗಿನಲ್ಲಿ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುತ್ತದೆ. ಎಂಟು ತಂಡಗಳಿದ್ದು ಒಂದೊಂದು ಸಲ ಎದುರಾದರೂ 28 ಪಂದ್ಯಗಳಾಗುತ್ತವೆ. ಕಪ್ಪಿನಲ್ಲಿ ಸೋತವರು ಮನೆಗೆ. ಅದೇ ಎಂಟು ತಂಡಗಳಿಗೆ ಎಷ್ಟು ಪಂದ್ಯ ಬೇಕು? ಕಾಗದ ಪೆನ್ಸಿಲು ಬೇಡ. ಒಂದು ಪಂದ್ಯ ಒಂದೇ ತಂಡವನ್ನು ಹೊರಹಾಕುತ್ತದೆ, ಕೊನೆಗೆ ಉಳಿಯುವುದು ಒಂದು, ಹೊರಹೋಗಬೇಕಾದವರು ಏಳು. ಆದ್ದರಿಂದ ಏಳೇ ಪಂದ್ಯ. ಲೀಗು ವರ್ಷದುದ್ದದ ಹಾಜರಿ ಪುಸ್ತಕವಿದ್ದಂತೆ, ಕಪ್ಪು ಒಂದೇ ದಿನದ ಪರೀಕ್ಷೆಯಿದ್ದಂತೆ. ದಡ್ಡನೆನಿಸಿಕೊಂಡವನೂ ಆ ಒಂದು ದಿನ ಬುದ್ಧಿವಂತನನ್ನು ಹಿಂದಿಕ್ಕಬಹುದು. ಜನರಿಗೆ ಕಪ್ಪಿನ ಮೇಲೆ ಅಷ್ಟು ಆಸೆ ಇರುವುದು ಅದಕ್ಕೇ.

ಮಾಲ್ಟಾದ ಸಂಸ್ಥೆ ಇಂಥ ಕಪ್ಪನ್ನು, ಎಫ್.ಎ. ಟ್ರೋಫಿ ಎಂಬ ಹೆಸರಿನಿಂದ, 1934–35ರಲ್ಲಿ ಆರಂಭಿಸಿತು. ಆ ವರ್ಷ ಲೀಗ್ ಗೆದ್ದದ್ದು ಫ್ಲೋರಿಯಾನಾ. ಅದೇ ತಂಡ ಕಪ್ಪಿನ ಫೈನಲ್ಲಿಗೂ ಬಂತು, ಎದುರಾಳಿ ಸ್ಲೀಮಾ. ವರ್ಷವೆಲ್ಲ ಗೆದ್ದು ಬಂದ ಚಾಂಪಿಯನ್ನರು ಅಂದು ಒಂದು ಗೋಲನ್ನೂ ಹೊಡೆಯಲಾಗದೆ 4–0 ಅಂತರದಲ್ಲಿ ಸೋತರು. ಪಟ್ಟಿಯ ಮೊದಲ ಸಾಲಿನಲ್ಲಿ ಸ್ಲೀಮಾ ಹೆಸರು ಬರೆಯಲ್ಪಟ್ಟಿತು. ಆ ಕಾಲದ ದೊಡ್ಡ ಪಂದ್ಯಗಳೆಲ್ಲ ನಡೆಯುತ್ತಿದ್ದುದು ಸ್ಲೀಮಾದ ಪಕ್ಕದ ಗ್ಜೀರಾದಲ್ಲಿ, 1922ರಲ್ಲಿ ತೆರೆದ ಎಂಪೈರ್ ಸ್ಟೇಡಿಯಮ್ಮಿನಲ್ಲಿ. ಹೆಸರು ಸಾಮ್ರಾಜ್ಯದ್ದು, ನೆಲದಲ್ಲಿ ಹುಲ್ಲಿನ ಎಸಳೂ ಇರಲಿಲ್ಲ. ಗಟ್ಟಿ ನೆಲದ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತಿತ್ತು.

ಆ ಸಾಲಿನ ಹಿನ್ನೆಲೆಯನ್ನೂ ಸ್ವಲ್ಪ ನೋಡೋಣ. ನಮ್ಮ ಜಲಿಯನ್‌ವಾಲಾಬಾಗಿನ ಹತ್ಯಾಕಾಂಡ ನಡೆದ 1919ರಲ್ಲೇ, ಜೂನ್ 7ರಂದು, ವ್ಯಾಲೆಟ್ಟಾದಲ್ಲಿ ಬ್ರೆಡ್ಡಿನ ಬೆಲೆ ಏರಿಕೆಯ ವಿರುದ್ಧ ಸಿಡಿದೆದ್ದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ನಾಲ್ವರು ಸತ್ತರು. ಎರಡು ವರ್ಷಗಳ ನಂತರ, 1921ರಲ್ಲಿ, ದ್ವೀಪಕ್ಕೆ ಸೀಮಿತ ಸ್ವಯಮಾಡಳಿತ ದೊರೆಯಿತು. ಆದರೆ 1933ರಲ್ಲಿ ಚುನಾಯಿತ ಮಂತ್ರಿಮಂಡಲವನ್ನು ವಜಾ ಮಾಡಿ, ಅಧಿಕಾರವನ್ನೆಲ್ಲ ಗವರ್ನರರ ಕೈಗೆ ಕೊಟ್ಟರು. 1934ರಲ್ಲಿ ಇಂಗ್ಲಿಷಿನ ಜೊತೆಗೆ ಮಾಲ್ಟೀಸ್ ಭಾಷೆ ಅಧಿಕೃತವಾಯಿತು. ಶತಮಾನಗಳಿಂದ ನ್ಯಾಯಾಲಯದ ಭಾಷೆಯಾಗಿದ್ದ ಇಟಾಲಿಯನ್ ಹಿಂದೆ ಸರಿಯಿತು. ಅರಬ್ಬಿ ಮೂಲದ, ಆದರೆ ರೋಮನ್ ಲಿಪಿಯಲ್ಲಿ ಬರೆಯುವ ಆ ಭಾಷೆ ಅಡುಗೆಮನೆಯಿಂದ ಕಚೇರಿಗೆ ಬಂದ ವರ್ಷವದು. ಮತ ಕೈಬಿಟ್ಟುಹೋದ, ಮಾತು ಕೈಗೆ ಬಂದ ಆ ಕಾಲದಲ್ಲಿ ಕಪ್ ಹುಟ್ಟಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಒಟ್ಟಿಗೆ ನಡೆದದ್ದೆಲ್ಲ ಒಂದಕ್ಕೊಂದು ಕಾರಣವಲ್ಲ. ಆದರೆ ತಮ್ಮ ಸರ್ಕಾರವನ್ನು ತಾವು ಆರಿಸಲಾಗದ ಜನ ತಮ್ಮ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಬಹುದಾಗಿದ್ದ ಜಾಗಗಳಲ್ಲಿ ಹುಲ್ಲಿಲ್ಲದ ಆ ಮೈದಾನವೂ ಒಂದಾಗಿತ್ತು.

ಯುದ್ಧಕ್ಕೆ ಮುಂಚೆ ಪಟ್ಟಿಯಲ್ಲಿ ಆರು ಸಾಲುಗಳಿವೆ. ಮೊದಲ ಮೂರೂ ಸ್ಲೀಮಾದವು. 1937–38ರದು ಫ್ಲೋರಿಯಾನಾ. 1938–39ರಲ್ಲಿ ಸೇಂಟ್ ಜೂಲಿಯನ್ಸ್ ಊರಿನ ಮೆಲಿಟಾ ಎಂಬ ಚಿಕ್ಕ ಕ್ಲಬ್ಬು, ಆ ವರ್ಷದ ಲೀಗ್ ಚಾಂಪಿಯನ್ ಸ್ಲೀಮಾವನ್ನೇ ಫೈನಲಿನಲ್ಲಿ ಸೋಲಿಸಿತು. ಕಪ್ಪೆಂದರೆ ಒಂದು ದಿನದ ಪರೀಕ್ಷೆ ಎಂದೆನಲ್ಲ, ಅದಕ್ಕೆ ಇದೇ ಸಾಕ್ಷಿ. 1939–40ರಲ್ಲಿ ಮತ್ತೆ ಸ್ಲೀಮಾ.

ಆಮೇಲೆ 1940–41, 1941–42, 1942–43, 1943–44. ನಾಲ್ಕು ಸಾಲು. ಇಸವಿಗಳಿವೆ, ಹೆಸರುಗಳಿಲ್ಲ.

ಪ್ರಯೋಗಾಲಯದ ಪಾಠ

ನಾನು ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗವೊಂದರ ನಡುವೆ ಕರೆಂಟು ಹೋಯಿತು. ಹತ್ತು ಅಳತೆಗಳನ್ನು ತೆಗೆದುಕೊಳ್ಳಬೇಕಿತ್ತು; ಏಳನೆಯದು ತಪ್ಪಿತು. ಆರನೆಯದು, ಎಂಟನೆಯದು ಗೊತ್ತಿದ್ದುದರಿಂದ ಎರಡರ ನಡುವಿನ ಅಂಕಿಯೊಂದನ್ನು ಅಂದಾಜಿನಲ್ಲಿ ಬರೆದು ರೆಕಾರ್ಡು ಪುಸ್ತಕವನ್ನು ಒಪ್ಪಿಸಿದೆ. ಮೇಷ್ಟ್ರು ಆ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ಅಳೆಯದ್ದನ್ನು ಬರೆಯಬೇಡ. ಖಾಲಿ ಬಿಡು. ಯಾಕೆ ಖಾಲಿ ಎಂದು ಪಕ್ಕದಲ್ಲಿ ಬರಿ. ಖಾಲಿ ಜಾಗವೂ ಒಂದು ಅಳತೆಯೇ" ಎಂದರು. ಆಗ ಅಂಕ ಹೋಯಿತೆಂದು ಬೇಸರವಾಗಿತ್ತು. ಮಾಲ್ಟಾದ ಪಟ್ಟಿಯನ್ನು ನೋಡಿದಾಗ ಆ ಮಾತು ನೆನಪಾಯಿತು. ಹಾಗಾದರೆ ಈ ಖಾಲಿ ಸಾಲುಗಳ ಪಕ್ಕದಲ್ಲಿ ಏನು ಬರೆಯಬೇಕು?

"ಎರಡನೆಯ ಮಹಾಯುದ್ಧ, 1939ರಿಂದ 1945" ಎಂದು ನೀವು ಥಟ್ಟನೆ ಹೇಳುತ್ತೀರಿ. ಪಠ್ಯಪುಸ್ತಕದ ಉತ್ತರ ಅದು. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಯುದ್ಧ ಆರಂಭವಾದದ್ದು 1939ರ ಸೆಪ್ಟೆಂಬರಿನಲ್ಲಿ. 1939–40ರ ಸಾಲು ತುಂಬಿದೆ. ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. 1944–45ರ ಸಾಲೂ ತುಂಬಿದೆ. ಪಠ್ಯಪುಸ್ತಕದ ಯುದ್ಧಕ್ಕೂ ಪಟ್ಟಿಯ ಯುದ್ಧಕ್ಕೂ ಎರಡು ತುದಿಗಳಲ್ಲೂ ವ್ಯತ್ಯಾಸವಿದೆ. ಯಾವುದು ತಪ್ಪು? ಎರಡೂ ತಪ್ಪಲ್ಲ. ಒಂದು ಜಗತ್ತಿನ ಯುದ್ಧ, ಇನ್ನೊಂದು ಆ ದ್ವೀಪದ ಯುದ್ಧ.

ದ್ವೀಪದ ಯುದ್ಧ

ಇಟಲಿ ಯುದ್ಧಕ್ಕೆ ಇಳಿದದ್ದು 1940ರ ಜೂನ್ 10ರಂದು. ಮರುದಿನ ಬೆಳಗ್ಗೆಯೇ ಅದರ ವಿಮಾನಗಳು ಮಾಲ್ಟಾದ ಮೇಲೆ ಬಾಂಬು ಹಾಕಿದವು. ಸಿಸಿಲಿಯಿಂದ 90 ಕಿಲೋಮೀಟರು ವಿಮಾನಕ್ಕೆ ಎಷ್ಟು ಹೊತ್ತು? ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದ ಇಟಲಿ ಮತ್ತು ಜರ್ಮನಿಯ ಸೈನ್ಯಗಳಿಗೆ ಸಾಮಾನು ಹೋಗುತ್ತಿದ್ದುದು ಈ ಸಮುದ್ರದ ಮೂಲಕ. ಆ ಹಡಗುಗಳನ್ನು ಬ್ರಿಟಿಷರು ಮುಳುಗಿಸುತ್ತಿದ್ದುದು ಮಾಲ್ಟಾದಿಂದ. ಆದ್ದರಿಂದ ದ್ವೀಪವನ್ನು ಹೊಡೆದು, ಹಸಿವಿನಿಂದ ಮಣಿಸಲು ವೈರಿಗಳು ಹೊರಟರು.

1942ರ ಏಪ್ರಿಲ್ ಒಂದೇ ತಿಂಗಳಲ್ಲಿ ದ್ವೀಪದ ಮೇಲೆ ಬಿದ್ದ ಬಾಂಬುಗಳ ತೂಕ 6,000 ಟನ್ನಿಗೂ ಹೆಚ್ಚು. ಏಪ್ರಿಲ್ 7ರಂದು ವ್ಯಾಲೆಟ್ಟಾದ ಸುಂದರವಾದ ಒಪೆರಾ ರಂಗಮಂದಿರ ನೆಲಕ್ಕುರುಳಿತು. ಏಪ್ರಿಲ್ 9ರಂದು ಮೊಸ್ಟಾ ಊರಿನ ಚರ್ಚಿನ ಗುಮ್ಮಟವನ್ನು ತೂತುಮಾಡಿಕೊಂಡು ಬಾಂಬೊಂದು ಒಳಗೆ ಬಿತ್ತು, ಪ್ರಾರ್ಥನೆಗೆ ಸುಮಾರು 300 ಜನ ಸೇರಿದ್ದರು, ಬಾಂಬು ಸಿಡಿಯಲಿಲ್ಲ. ಏಪ್ರಿಲ್ 15ರಂದು ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಪದಕವನ್ನು ನೀಡಿದ. ಪದಕ ಬಂತೆಂದು ಬಾಂಬು ನಿಲ್ಲಲಿಲ್ಲ. ಏಪ್ರಿಲ್ 28ರಂದು ಫ್ಲೋರಿಯಾನಾದ ಸೇಂಟ್ ಪಬ್ಲಿಯಸ್ ಚರ್ಚಿಗೆ ಬಾಂಬು ಬಿತ್ತು. ಆ ಸಲ ಪವಾಡ ನಡೆಯಲಿಲ್ಲ. ಆಶ್ರಯ ಪಡೆದಿದ್ದ ಜನ ಸತ್ತರು.

ಜನ ಎಲ್ಲಿ ಬದುಕಿದರು? ನೆಲದ ಕೆಳಗೆ. ಮಾಲ್ಟಾದ ನೆಲ ಮೆತ್ತನೆಯ ಸುಣ್ಣಕಲ್ಲಿನದು. ಕೈಯಿಂದಲೇ ಕಡಿದು ಗುಹೆಗಳನ್ನು ಮಾಡಿಕೊಂಡರು. 1931ರಲ್ಲಿ ರೈಲು ನಿಂತುಹೋಗಿದ್ದರಿಂದ ಖಾಲಿ ಬಿದ್ದಿದ್ದ ಹಳೆಯ ಸುರಂಗ ನೂರಾರು ಕುಟುಂಬಗಳ ಮನೆಯಾಯಿತು. ಬ್ರೆಡ್ಡು, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಪಡಿತರ. ಒಲೆ ಹೊತ್ತಿಸಲು ಎಣ್ಣೆ ಸಾಲದೆ ಸರ್ಕಾರ ಸಾರ್ವಜನಿಕ ಅಡುಗೆಮನೆಗಳನ್ನು ತೆರೆಯಿತು. ಪಾತ್ರೆ ಹಿಡಿದು ಸಾಲಿನಲ್ಲಿ ನಿಂತವರಿಗೆ ತೆಳ್ಳನೆಯ ಸಾರು ಸಿಗುತ್ತಿತ್ತು. 1942ರ ಆಗಸ್ಟಿನಲ್ಲಿ ಆಹಾರ ಮತ್ತು ಇಂಧನ ಹೊತ್ತು 14 ಸರಕು ಹಡಗುಗಳು ಹೊರಟವು. ದಾರಿಯಲ್ಲಿ ಒಂಬತ್ತು ಮುಳುಗಿದವು. ಬಂದರು ಮುಟ್ಟಿದವು ಐದು. ಕೊನೆಯದಾದ ಒಹಾಯೊ ಎಂಬ ಎಣ್ಣೆಹಡಗು, ಬೆನ್ನು ಮುರಿದು, ಎರಡು ಯುದ್ಧನೌಕೆಗಳ ನಡುವೆ ಕಟ್ಟಿಸಿಕೊಂಡು, ಆಗಸ್ಟ್ 15ರಂದು ತೇಲುತ್ತ ಬಂತು. ಅದು ಮೇರಿ ಮಾತೆಯ ಹಬ್ಬದ ದಿನ. ದ್ವೀಪ ಶರಣಾಗುವುದು ಅಲ್ಲಿಗೆ ತಪ್ಪಿತು. ಇಡೀ ಮುತ್ತಿಗೆಯಲ್ಲಿ ಸತ್ತ ನಾಗರಿಕರು ಸುಮಾರು 1,500.

ಇದು ಆ ಖಾಲಿ ಸಾಲುಗಳ ಪಕ್ಕದಲ್ಲಿ ಬರೆಯಬೇಕಾದ ಟಿಪ್ಪಣಿ. ಕೋಟೆಯ ಗೋಡೆಗಳಿಗಿಂತ ಗಟ್ಟಿಯಾದ ಸಾಕ್ಷಿ ಇದು ಎಂದು ನನಗನ್ನಿಸುತ್ತದೆ. ಪ್ರತಿ ವರ್ಷ ಭಾನುವಾರಗಳನ್ನು ಚೆಂಡಿಗೆ ಮೀಸಲಿಟ್ಟಿದ್ದ ಜನ ನಾಲ್ಕು ವರ್ಷ ಚೆಂಡನ್ನು ಕೆಳಗಿಟ್ಟರೆಂದರೆ, ಅವರ ಆಕಾಶ ಹೇಗಿತ್ತೆಂದು ನೀವೇ ಊಹಿಸಿ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಮೂರು ವರ್ಷ ದ್ವೀಪವನ್ನು ಹೆದರಿಸಿದ್ದ ಇಟಲಿಯ ನೌಕಾಪಡೆ ಬಂದು ಲಂಗರು ಹಾಕಿದ್ದು ಮಾಲ್ಟಾದಲ್ಲೇ. ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ ಸೈರನ್ನುಗಳೂ ನಿಂತವು. ಜರ್ಮನಿ ಇನ್ನೂ ಸೋತಿರಲಿಲ್ಲ, ಜಪಾನ್ ಇನ್ನೂ ಹೋರಾಡುತ್ತಿತ್ತು. ಆದರೆ ದ್ವೀಪದವರಿಗೆ ಯುದ್ಧ ಮುಗಿದಿತ್ತು. 1944–45ರಲ್ಲಿ ಕಪ್ ಮತ್ತೆ ಆರಂಭವಾಯಿತು. ಫೈನಲಿಗೆ ಬಂದವರು ಅದೇ ಹಳೆಯ ಜೋಡಿ, ಫ್ಲೋರಿಯಾನಾ ಮತ್ತು ಸ್ಲೀಮಾ. ಹತ್ತು ವರ್ಷಗಳ ಹಿಂದೆ ಮೊದಲ ಫೈನಲಿನಲ್ಲಿ ಸೋತಿದ್ದ ಫ್ಲೋರಿಯಾನಾ ಈ ಸಲ ಗೆದ್ದಿತು. ಖಾಲಿ ಸಾಲುಗಳ ನಂತರ ಮೊದಲು ಬರುವ ಹೆಸರು, ಚರ್ಚು ಕುಸಿದುಬಿದ್ದಿದ್ದ ಆ ಊರಿನದು.

ಇನ್ನೊಂದು ಪಟ್ಟಿ

ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು. ಹೋಲಿಸಲು ಇನ್ನೊಂದು ಬೇಕು. ಅದು ನಮ್ಮ ಕೈಯಲ್ಲೇ ಇದೆ. ನಮ್ಮ ರಣಜಿ ಟ್ರೋಫಿ ಕ್ರಿಕೆಟ್ ಆರಂಭವಾದದ್ದೂ 1934–35ರಲ್ಲಿ. ಅದೂ ಆಗ ಸೋತವರು ಹೊರಗೆ ಎಂಬ ಪದ್ಧತಿಯದು. ಅದೂ ಬ್ರಿಟಿಷರ ಆಳ್ವಿಕೆಯ ನಾಡಿನದು. ಅದರ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮ ಮೈಸೂರು ತಂಡ, ಮದರಾಸಿನ ಎದುರು, 1934ರ ನವೆಂಬರ್ 4ರಂದು ಚೆಪಾಕಿನಲ್ಲಿ. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು, ಸೋತವರು ನಾವೇ.

ಈಗ ರಣಜಿ ಪಟ್ಟಿಯಲ್ಲಿ 1940ರಿಂದ 1944ರವರೆಗಿನ ಸಾಲುಗಳನ್ನು ನೋಡಿ. ಒಂದೂ ಖಾಲಿಯಿಲ್ಲ. 1941–42ರ ಫೈನಲಿನಲ್ಲಿ ಬೊಂಬಾಯಿ ಮೈಸೂರನ್ನು ಸೋಲಿಸಿತು. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ, ನಾಯಕರೆಲ್ಲ ಸೆರೆಮನೆಯಲ್ಲಿ. ಆದರೂ 1942–43ರಲ್ಲಿ ಬರೋಡಾ ಗೆದ್ದಿತು. ಹಾಗಾದರೆ ನಮಗೆ ಆ ವರ್ಷಗಳು ಸುಖದ ವರ್ಷಗಳಾಗಿದ್ದವೇ?

1943–44ರ ಸಾಲಿನಲ್ಲಿ ಬೆರಳಿಡಿ. ಗೆದ್ದದ್ದು ವೆಸ್ಟರ್ನ್ ಇಂಡಿಯಾ. ಫೈನಲಿನಲ್ಲಿ ಸೋತದ್ದು ಬಂಗಾಳ. ಬಂಗಾಳದ ಮಹಾಕ್ಷಾಮದಲ್ಲಿ ಜನ ಸಾಯುತ್ತಿದ್ದ ಕಾಲವದು. ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಇಪ್ಪತ್ತು, ಮೂವತ್ತು ಲಕ್ಷವೆಂದು ಅಂದಾಜು ಮಾಡುತ್ತಾರೆ. ಅದು ಅಂದಿನ ಮಾಲ್ಟಾದ ಇಡೀ ಜನಸಂಖ್ಯೆಯ ಹತ್ತು ಪಟ್ಟು. ಆದರೆ ಪಟ್ಟಿಯಲ್ಲಿ ಅದರ ಗುರುತೇ ಇಲ್ಲ. ಮಾಲ್ಟಾದಲ್ಲಿ ಬಾಂಬು ಆಡುವವನ ತಲೆಯ ಮೇಲೂ ನೋಡುವವನ ತಲೆಯ ಮೇಲೂ ಬೀಳುತ್ತಿತ್ತು, ಆಟ ನಿಂತಿತು. ಬಂಗಾಳದಲ್ಲಿ ಹಸಿದವನು ಬೇರೆ, ಆಡುವವನು ಬೇರೆ, ಆಟ ನಡೆಯಿತು. ಆಡಿದವರನ್ನು ದೂರುವ ಮಾತಲ್ಲ ಇದು. ಖಾಲಿ ಸಾಲು "ಇಲ್ಲೇನೋ ನಡೆದಿದೆ" ಎಂದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ತುಂಬಿದ ಸಾಲು ತಡೆಯುವುದಿಲ್ಲ. ಅದರ ಮುಂದೆ ನಾವೇ ನಿಂತು ಕೇಳಬೇಕು.

ನೀವು ಕಂಡ ಖಾಲಿ ಸಾಲು

ಹಳೆಯ ಮಾತಾಯಿತು ಎನ್ನುತ್ತೀರೋ? ಎರಡೂ ಪಟ್ಟಿಗಳನ್ನು ಕೆಳಗೆ ಎಳೆದು ತನ್ನಿ. ಮಾಲ್ಟಾದ ಪಟ್ಟಿಯಲ್ಲಿ 2019–20 ಮತ್ತು 2020–21, ಎರಡು ವರ್ಷ ವಿಜೇತರಿಲ್ಲ. ಕೊರೋನಾದಿಂದ ಪಂದ್ಯಾವಳಿ ಅರ್ಧಕ್ಕೆ ನಿಂತಿತು. ರಣಜಿಯಲ್ಲಿ 2019–20ರ ಸಾಲು ತುಂಬಿದೆ, ಏಕೆಂದರೆ ಸೌರಾಷ್ಟ್ರ ಗೆದ್ದ ಫೈನಲ್ ಪಂದ್ಯ 2020ರ ಮಾರ್ಚ್ 13ರಂದು, ಲಾಕ್‌ಡೌನಿಗೆ ಹನ್ನೆರಡು ದಿನ ಮೊದಲು ಮುಗಿದಿತ್ತು. 2020–21ರದು ಖಾಲಿ. ಮಹಾಯುದ್ಧಕ್ಕೂ ನಿಲ್ಲದ ರಣಜಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ ನಿಂತದ್ದು ಆ ವರ್ಷ. ಈ ಖಾಲಿ ಸಾಲನ್ನು ನೀವು ಓದಬೇಕಾಗಿಲ್ಲ. ಅದರೊಳಗೆ ನೀವೇ ಇದ್ದಿರಿ. ಮೊಬೈಲಿನಲ್ಲಿ ಪಾಠ ಕೇಳಿದವರು, ನೆಟ್‌ವರ್ಕ್ ಸಿಗದೆ ಮರ ಹತ್ತಿ ಕುಳಿತವರು, ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರು ನಿಮ್ಮಲ್ಲೇ ಇದ್ದೀರಿ.

ಮಾಲ್ಟಾದಲ್ಲಿ 2021–22ರಲ್ಲಿ ಕಪ್ ಮತ್ತೆ ಪೂರ್ತಿಯಾಗಿ ನಡೆಯಿತು. ಗೆದ್ದದ್ದು ಯಾರು ಗೊತ್ತೆ? ಮತ್ತೆ ಫ್ಲೋರಿಯಾನಾ. ಇದರಿಂದ "ಖಾಲಿ ಸಾಲಿನ ನಂತರ ಫ್ಲೋರಿಯಾನಾ ಗೆಲ್ಲುತ್ತದೆ" ಎಂಬ ನಿಯಮ ಮಾಡಬೇಡಿ. ಎರಡು ಬಿಂದುಗಳಿಂದ ಯಾವ ಗೆರೆಯನ್ನಾದರೂ ಎಳೆಯಬಹುದು. ಆದರೆ ಆ ದಿನ ಹಸಿರು-ಬಿಳಿ ಅಂಗಿ ತೊಟ್ಟು ನಲಿದ ಊರಿನ ಹಿರಿಯರಲ್ಲಿ ಕೆಲವರಾದರೂ ತಮ್ಮ ಅಪ್ಪ ಹೇಳುತ್ತಿದ್ದ 1945ರ ಕಥೆಯನ್ನು ನೆನೆದಿರಬಹುದು. ಈಗ ಅಲ್ಲಿನ ದೊಡ್ಡ ಪಂದ್ಯಗಳು ನಡೆಯುವ ರಾಷ್ಟ್ರೀಯ ಕ್ರೀಡಾಂಗಣ ಇರುವುದು ತಾ ಕಾಲಿ ಎಂಬಲ್ಲಿ. 1942ರಲ್ಲಿ ಅದು ಯುದ್ಧವಿಮಾನಗಳ ನೆಲೆ. ದ್ವೀಪದಲ್ಲಿ ಅತಿ ಹೆಚ್ಚು ಬಾಂಬು ತಿಂದ ಜಾಗಗಳಲ್ಲಿ ಒಂದು. ಅಲ್ಲೀಗ ಹುಲ್ಲು ಬೆಳೆದಿದೆ.

ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಇಷ್ಟೆಲ್ಲ ಹೇಳಲಾಗುವುದಿಲ್ಲ. ಅದಕ್ಕಾಗಿ ಈ ಪುಟಗಳು. ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಾಳೆ ಕಾಲೇಜಿಗೆ ಹೋದಾಗ ಆ ಮರದ ಹಲಗೆಯ ಮುಂದೆ ಐದು ನಿಮಿಷ ನಿಲ್ಲಿ. ಬಿಟ್ಟುಹೋದ ಇಸವಿ ಯಾವುದು, ಹುಡುಕಿ. ಹಳೆಯ ಗುಮಾಸ್ತರನ್ನೋ ನಿವೃತ್ತ ಮೇಷ್ಟ್ರನ್ನೋ ಹೋಗಿ ಕೇಳಿ: ಆ ವರ್ಷ ಬರಗಾಲವಿತ್ತೆ, ಮುಷ್ಕರವಿತ್ತೆ, ಅಥವಾ ಹೆಸರು ಬರೆಸಲು ದುಡ್ಡೇ ಇರಲಿಲ್ಲವೇ? ಅವರು ಹೇಳಿದ್ದನ್ನು ಇಸವಿ ಹಾಕಿ ಬರೆದಿಡಿ. ಆಮೇಲೆ ತುಂಬಿದ ಸಾಲುಗಳಿಗೂ ಅದೇ ಪ್ರಶ್ನೆಯನ್ನು ಹಾಕಿ. ಹೇಳಬಲ್ಲವರು ಇನ್ನೂ ಇರುವಾಗಲೇ ಹೋಗಿ ಕೇಳಿ.